ತಾತನ ಕಾಲದ ಹಣ್ಣು-ತರಕಾರಿ ಅಂಗಡಿ: ಮಾಲು ಕೊಳ್ಳೋದು, ಇಡೋದು ಹೇಗೆ ಕಲಿಯೋದು?

ಪ್ರಶ್ನೆ · ಕೋಲಾರ_ಪೇಟೆ

ನಮಸ್ಕಾರ. ಕೋಲಾರದಲ್ಲಿ ತಾತನ ಕಾಲದಿಂದ ನಡೆದುಬಂದ ಹಣ್ಣು-ತರಕಾರಿ ಅಂಗಡಿ ನಮ್ಮದು. ಮಂಡಿಗೆ ಹೋಗಿ ಮಾಲು ತರುವ ಕೆಲಸ ಅಪ್ಪ, ಚಿಕ್ಕಪ್ಪನ ಕೈಯಿಂದ ಈಗ ನನಗೂ ತಮ್ಮನಿಗೂ ಬರುತ್ತಿದೆ. ಅವರದ್ದೆಲ್ಲ ಕಣ್ಣಳತೆ, ಕೈಯಂದಾಜು. ಕೇಳಿದರೆ "ನೋಡಿದರೆ ಗೊತ್ತಾಗುತ್ತೆ ಕಣೋ" ಅನ್ನುತ್ತಾರೆ. ನೋಡಬೇಕಾದ್ದು ಏನು ಅನ್ನುವುದನ್ನು ಬರೆದಿಟ್ಟುಕೊಳ್ಳಬೇಕು ಅಂತ ಈ ಪ್ರಶ್ನೆ.

ಅಂಗಡಿ 10×14 ಅಡಿ, ಪಶ್ಚಿಮಕ್ಕೆ ಬಾಗಿಲು, ಮೇಲೆ ಶೀಟು. ಹಿಂದೆ ಒಂದು ಸಣ್ಣ ಕೋಣೆ, ಆಚೆ ಸ್ವಲ್ಪ ಜಾಗ. ಫ್ರಿಜ್ ಇಲ್ಲ. ದಿನಕ್ಕೆ ಟೊಮೆಟೊ ಮೂರು ಕ್ರೇಟು, ಬಗೆಬಗೆ ತರಕಾರಿ, ಸೊಪ್ಪು, ಬಾಳೆಹಣ್ಣು. ಕಾಲಕ್ಕೆ ತಕ್ಕಂತೆ ಮಾವು, ದ್ರಾಕ್ಷಿ, ಅವರೆಕಾಯಿ.

ತೊಂದರೆ ಮೂರು. ಒಂದು, ವ್ಯಾಪಾರ ಚೆನ್ನಾಗಿದ್ದರೂ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ. ಎರಡು, ಬೇಸಿಗೆಯಲ್ಲಿ ಸೊಪ್ಪು ಮಧ್ಯಾಹ್ನಕ್ಕೇ ಬಾಡಿಹೋಗುತ್ತೆ. ಮೂರು, ಮಾವು ಹಣ್ಣಾಗುವಾಗ ಒಂದೇ ರಾಶಿಯಲ್ಲಿ ಕೆಲವು ಕೊಳೆತು, ಕೆಲವು ಕಾಯಾಗೇ ಉಳಿಯುತ್ತವೆ. ಯಾವುದನ್ನು ಮೊದಲು ಸರಿ ಮಾಡಿಕೊಳ್ಳಬೇಕು?

ಉತ್ತರ 1 · ಚಿಂತಾಮಣಿ_ಮಂಡಿ

ಮೊದಲನೆಯದನ್ನೇ ಮೊದಲು. ಹೊಸಬರು ಹರಾಜಿನಲ್ಲಿ ಐದು ರೂಪಾಯಿ ಕಡಿಮೆ ಮಾಡಿಸುವುದರ ಮೇಲೇ ಗಮನ ಇಡುತ್ತಾರೆ. ದುಡ್ಡು ಹೋಗುವುದು ಮಾರಲಾಗದೆ ಉಳಿದ ತೂಕದಲ್ಲಿ. ಲೆಕ್ಕ ಹಾಕಿ ನೋಡಿ.

15 ಕೆ.ಜಿ. ಟೊಮೆಟೊ ಕ್ರೇಟು 300 ರೂ.ಗೆ ಸಿಕ್ಕಿತು ಅಂದುಕೊಳ್ಳಿ. ಹಮಾಲಿ, ಆಟೊ ಬಾಡಿಗೆ ಸೇರಿ ಕ್ರೇಟಿಗೆ 20 ರೂ. ಕೆ.ಜಿ. 28ರಂತೆ ಅಷ್ಟೂ ಮಾರಿದರೆ 420 ಬರಬೇಕು, 100 ರೂ. ಉಳಿಯಬೇಕು. ಆದರೆ ಒಡೆದದ್ದು ಕೊಳೆತದ್ದು ಒಂದೂವರೆ ಕೆ.ಜಿ., ಕೊಸರಿಗೆ (ತೂಕದ ಮೇಲೆ ಸುಮ್ಮನೆ ಹಾಕುವ ಚೂರಿಗೆ) ಹೋಗಿದ್ದು ಮತ್ತು ಒಣಗಿ ಇಳಿದ ತೂಕ ಅರ್ಧ ಕೆ.ಜಿ. ಆದರೆ ಮಾರಿದ್ದು 13 ಕೆ.ಜಿ. ಮಾತ್ರ. ಕೈಗೆ ಬಂದದ್ದು 364, ಉಳಿದದ್ದು 44. ಅದೇ ಪಕ್ಕದ ಲಾಟಿನ ಗಟ್ಟಿ ಮಾಲಿಗೆ 20 ರೂ. ಹೆಚ್ಚು ಕೊಟ್ಟು, ಅರ್ಧ ಕೆ.ಜಿ. ಮಾತ್ರ ಹೋಗಿದ್ದರೆ 66 ಉಳಿಯುತ್ತಿತ್ತು. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆ.ಜಿ. ಬಾಕ್ಸು 2,000 ರೂ. ದಾಟಿತ್ತು, ಅಂಥ ದರದಲ್ಲಿ ಒಂದು ಕೆ.ಜಿ. ಕೊಳೆತರೆ 130 ರೂಪಾಯಿಗೂ ಮೇಲೆ ನಷ್ಟ. ದರ ಏರಿದಾಗ ಕ್ರೇಟುಗಳ ಸಂಖ್ಯೆ ಇಳಿಸಿ, ಮಾಲಿನ ಗುಣ ಇಳಿಸಬೇಡಿ.

ಅದಕ್ಕೇ ಒಂದು ನೋಟ್‌ಬುಕ್ ಇಡಿ. ಪ್ರತಿ ಮಾಲಿಗೆ ಒಂದು ಸಾಲು: ಯಾವ ಮಂಡಿ ಅಂಗಡಿ, ಎಷ್ಟು ತೂಕ, ಎಷ್ಟು ಕೊಟ್ಟೆವು, ರಾತ್ರಿ ಬಿಸಾಡಿದ್ದೆಷ್ಟು. ಬಿಸಾಡುವುದನ್ನೂ ತಕ್ಕಡಿಗೆ ಹಾಕಿಯೇ ಬಿಸಾಡಿ. ಇದೊಂದನ್ನು ಯಾರೂ ಮಾಡಲ್ಲ. ಒಂದು ತಿಂಗಳಾದ ಮೇಲೆ ಯಾರ ಹತ್ತಿರ ತಂದ ಮಾಲು ಹೆಚ್ಚು ಕೆಡುತ್ತೆ ಅಂತ ಆ ಪುಸ್ತಕವೇ ಹೇಳುತ್ತೆ.

ಇನ್ನು ಕಣ್ಣಿನ ಕೆಲಸ. ಟೊಮೆಟೊ ಕ್ರೇಟಿನ ಮೇಲ್ಭಾಗ ನೋಡಿ ಕೂಗಬೇಡಿ. ಕ್ರೇಟಿನ ಒಂದು ಮೂಲೆ ಎತ್ತಿ ತಳ ಒದ್ದೆಯಾಗಿದೆಯಾ ನೋಡಿ, ಬದಿಯ ಕಿಂಡಿಗೆ ಮೂಗು ಹತ್ತಿರ ಹಿಡಿಯಿರಿ. ಕೆಳಗೆ ಒಂದು ಹಣ್ಣು ಒಡೆದಿದ್ದರೂ ಹುಳಿ ವಾಸನೆ ಬರುತ್ತೆ. ತೊಟ್ಟಿನ ಸುತ್ತ ಬಿರುಕು ಬಿಟ್ಟಿದ್ದರೆ ಅದು ಮಳೆ ಬಿದ್ದ ಮೇಲೆ ಕಿತ್ತ ಮಾಲು, ನಾಳೆಗೆ ಇರಲ್ಲ. ಸೂಜಿ ಚುಚ್ಚಿದಂಥ ಸಣ್ಣ ತೂತು ಕಂಡರೆ ಒಳಗೆ ಹುಳ. ನಾಲ್ಕು ಹಣ್ಣಲ್ಲಿ ಕಂಡರೆ ಇಡೀ ಲಾಟು ಬಿಡಿ. ಮೂರು ಕ್ರೇಟಲ್ಲಿ ಒಂದು ಪೂರ್ತಿ ಕೆಂಪು, ಎರಡು ದೋರೆ (ಅರೆಹಣ್ಣು) ತನ್ನಿ. ಕೆಂಪು ಇವತ್ತಿಗೆ, ದೋರೆ ನಾಳೆ ನಾಡಿದ್ದಿಗೆ. ಅಂಗಡಿಯಲ್ಲಿ ಮೂರು ಪದರಕ್ಕಿಂತ ಎತ್ತರ ರಾಶಿ ಹಾಕಬೇಡಿ, ತೊಟ್ಟು ಉಳಿದಿದ್ದರೆ ಕಿತ್ತುಹಾಕಿ. ಮೇಲಿನ ಹಣ್ಣಿನ ತೊಟ್ಟು ಕೆಳಗಿನದ್ದನ್ನು ಚುಚ್ಚಿ, ಅಲ್ಲಿಂದಲೇ ಕೊಳೆ ಶುರುವಾಗುತ್ತೆ.

ಹುರುಳಿಕಾಯಿ ಮುರಿದರೆ ಲಟಕ್ಕೆನ್ನಬೇಕು. ಬಾಗಿದರೆ ಹಳೆಯದು, ಕಾಳು ಉಬ್ಬಿ ಕಂಡರೆ ಬಲಿತದ್ದು. ಬೆಂಡೆಕಾಯಿ ತುದಿಯೂ ಹಾಗೇ ಲಟಕ್ಕೆಂದು ಮುರಿಯಬೇಕು. ಬದನೆಯಲ್ಲಿ ತೊಟ್ಟಿನ ಟೊಪ್ಪಿಗೆ ಹಸಿರಾಗಿರಬೇಕು, ಒತ್ತಿದ ಜಾಗ ಎದ್ದು ಬರಬೇಕು. ದಪ್ಪ ಮೆಣಸಿನಕಾಯಿಗೂ ತೊಟ್ಟೇ ಸಾಕ್ಷಿ. ಆಲೂಗಡ್ಡೆ ಚೀಲದಲ್ಲಿ ಹಸಿರು ತಿರುಗಿದ್ದಿದ್ದರೆ ಬೆಳಕಿಗೆ ಬಿಟ್ಟ ಮಾಲು, ಕಹಿಯಾಗುತ್ತೆ, ತಿನ್ನುವುದಕ್ಕೂ ಒಳ್ಳೆಯದಲ್ಲ, ಗಿರಾಕಿಗೆ ಕೊಡಬೇಡಿ. ದ್ರಾಕ್ಷಿಯಲ್ಲಿ ದಿಲ್‌ಖುಷ್ ಆಗಲಿ ಬೆಂಗಳೂರು ಬ್ಲೂ ಆಗಲಿ, ಗೊಂಚಲಿನ ಕಾಂಡ ಹಸಿರಿದ್ದರೆ ಹೊಸದು, ಕಂದಾಗಿದ್ದರೆ ಹಳೆಯದು. ಗೊಂಚಲು ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಎಷ್ಟು ಉದುರುತ್ತೆ ನೋಡಿ. ಮೇಲಿನ ಬೂದಿಯಂಥ ಪೊರೆ ಔಷಧಿ ಅಂತ ಗಿರಾಕಿಗಳು ಹೆದರುತ್ತಾರೆ. ಅದು ಹಣ್ಣಿನದೇ ಮೇಣ, ನೀರು ಹೊರಗೆ ಹೋಗದಂತೆ ತಡೆಯುತ್ತೆ. ತೊಳೆದು ಮಾರಬೇಡಿ.

ಅವರೆಕಾಯಿ ಚೀಲ ಮಾತ್ರ ಬಂದ ತಕ್ಷಣ ಸುರಿದು ಹರಡಿಬಿಡಿ. ಚೀಲದ ನಡುವೆ ಕೈ ಹಾಕಿದರೆ ಬಿಸಿ ತಾಗುತ್ತಲ್ಲ, ಅದು ಕಾಯಿ ಉಸಿರಾಡುವ ಬಿಸಿ. ಅರ್ಧ ದಿನ ಹಾಗೇ ಬಿಟ್ಟರೆ ಸಿಪ್ಪೆ ಕಪ್ಪಾಗಿ ಸೊಗಡು ಹೋಗುತ್ತೆ, ಸೊಗಡಿಲ್ಲದ ಅವರೆಯನ್ನು ನಮ್ಮ ಕಡೆ ಯಾರು ಕೊಳ್ಳುತ್ತಾರೆ!

ಉತ್ತರ 2 · ಮಾಲೂರು_ಸೊಪ್ಪು

ಸೊಪ್ಪಿಗೆ ನೀರು ಕಡಿಮೆ ಬೀಳ್ತಿದೆ ಅಷ್ಟೇ. ಗಂಟೆಗೊಂದು ಸಲ ಇಡೀ ಅಂಗಡಿ ಮಾಲಿಗೆ ನೀರು ಚಿಮುಕಿಸಿ. ನೋಡೋಕೂ ಹೊಸದಾಗಿ ಕಾಣುತ್ತೆ, ಗಿರಾಕಿ ನಿಲ್ತಾರೆ.

ಉತ್ತರ 3 · ತೋಟಗಾರಿಕೆ_ಓದಿದವಳು

ಮಾಲೂರಿನವರ ಮಾತು ಸೊಪ್ಪಿಗೆ ಅರ್ಧ ಸರಿ, ಉಳಿದ ಮಾಲಿಗೆ ಅಪಾಯ. ಬೆಂಡೆಕಾಯಿ ಒದ್ದೆಯಾದರೆ ಲೋಳೆ ಬಂದು ಕಪ್ಪು ಚುಕ್ಕೆ ಬೀಳುತ್ತದೆ. ಹುರುಳಿಕಾಯಿಯಲ್ಲಿ ತುಕ್ಕಿನಂಥ ಕಲೆ. ಶುಂಠಿ, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿಗೆ ಒಂದು ಹನಿಯೂ ಬೇಡ. ನೀರಿನಿಂದ ತೂಕ ಹೆಚ್ಚುತ್ತದೆ ಅಂತ ಚಿಮುಕಿಸುವವರಿದ್ದಾರೆ. ಆ ತೂಕ ಗಿರಾಕಿಯ ಮನೆಯಲ್ಲಿ ಕೊಳೆಯಾಗಿ ಹೊರಗೆ ಬರುತ್ತದೆ, ಆ ಗಿರಾಕಿ ಮತ್ತೆ ಬರುವುದಿಲ್ಲ.

ಸೊಪ್ಪಿಗೆ ನೀರು ಬೇಕಾದ್ದು ಬೇರಿಗೆ. ಬೆಳಿಗ್ಗೆ ಬಂದ ದೊಡ್ಡ ಹೊರೆಯನ್ನು ಮೊದಲು ಬಿಚ್ಚಿ, ಒಳಗಿನ ಬಿಸಿ ಆರಲಿ. ಹಳದಿ ಎಲೆ, ಜಜ್ಜಿದ ಎಲೆ ತೆಗೆಯಿರಿ. ದಂಟು, ಕೀರೆ, ಮೆಂತ್ಯ, ಕೊತ್ತಂಬರಿ, ಸಬ್ಬಕ್ಕಿ, ಯಾವುದೇ ಆದರೂ ಬೇರಿನ ಸಮೇತ ಇರುವುದನ್ನೇ ಕೊಳ್ಳಿ. ಅಗಲ ತಳದ ಟಬ್ಬಿನಲ್ಲಿ ಎರಡು ಮೂರು ಇಂಚು ಒಳ್ಳೆಯ ನೀರು ಹಾಕಿ ಬೇರು ಕೆಳಗಾಗಿ ನಿಲ್ಲಿಸಿ, ಎಲೆಗೆ ನೀರು ಮುಟ್ಟಬಾರದು. ಮೇಲೆ ಹಿಂಡಿದ ಒದ್ದೆ ಗೋಣಿ ಹೊದಿಸಿ. ನೀರು ತೊಟ್ಟಿಕ್ಕುವ ಗೋಣಿ ಬೇಡ. ಟಬ್ಬಿನ ನೀರನ್ನು ದಿನಕ್ಕೆರಡು ಸಲ ಬದಲಿಸಿ, ಇಲ್ಲದಿದ್ದರೆ ಬುಡ ಲೋಳೆಯಾಗುತ್ತದೆ. ತನ್ನ ತೂಕದಲ್ಲಿ ನೂರಕ್ಕೆ ಐದು ಭಾಗ ನೀರು ಹೋದರೆ ಸಾಕು, ಸೊಪ್ಪು ಬಾಡಿದಂತೆ ಕಾಣತೊಡಗುತ್ತದೆ.

ನಿಮ್ಮದು ಪಶ್ಚಿಮದ ಬಾಗಿಲು, ಶೀಟಿನ ಮಾಡು. ಮಧ್ಯಾಹ್ನ ಎರಡರ ಮೇಲೆ ಬಿಸಿಲು ನೇರ ಮಾಲಿನ ಮೇಲೆ ಬೀಳುತ್ತಿರಬೇಕು. ಶೀಟಿಗೆ ಮೇಲೆ ಸುಣ್ಣ ಬಳಿಸಿ, ಒಳಗೆ ಒಂದು ಅಡಿ ಬಿಟ್ಟು ಬಿದಿರು ಚಾಪೆ ಕಟ್ಟಿಸಿ. ಬಾಗಿಲ ಮುಂದೆ ಹಸಿರು ನೆರಳು ಪರದೆ. ಸೊಪ್ಪನ್ನು ಮುಂದಿನ ಸಾಲಿನಿಂದ ಒಳಗೋಡೆಗೆ ತಂದು, ಮುಂದೆ ಕುಂಬಳ, ಈರುಳ್ಳಿ, ತೆಂಗಿನಕಾಯಿ ಇಡಿ.

ಆಚೆ ಜಾಗ ಇದೆ ಅಂದಿದ್ದೀರಿ. ಅಲ್ಲಿ ಇಟ್ಟಿಗೆ-ಮರಳಿನ ತಂಪು ಪೆಟ್ಟಿಗೆ ಕಟ್ಟಿ. ಇದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ ವಿಧಾನ, ಕರೆಂಟು ಬೇಡ. ನೆರಳಿರುವ, ಗಾಳಿಯಾಡುವ ಕಡೆ 165×115 ಸೆಂ.ಮೀ. ಅಳತೆಗೆ ಒಂದು ವರಸೆ ಇಟ್ಟಿಗೆ ಹಾಸಿ. ಅದರ ಮೇಲೆ ಸುತ್ತಲೂ ಒಂದರೊಳಗೊಂದು ಎರಡು ಗೋಡೆ, ನಡುವೆ 7.5 ಸೆಂ.ಮೀ. ಸಂದು, ಎತ್ತರ 67.5 ಸೆಂ.ಮೀ. ಸಂದಿಗೆ ನೆನೆಸಿದ ಮರಳು ತುಂಬಿ. ಮೇಲೆ ಬಿದಿರು, ಹುಲ್ಲಿನ ಮುಚ್ಚಳ. ಬೆಳಿಗ್ಗೆ ಸಂಜೆ ಗೋಡೆ, ಮರಳಿಗೆ ನೀರು ಹಾಕುತ್ತಿರಿ. ಸುಮಾರು 100 ಕೆ.ಜಿ. ಮಾಲು ತೂತಿನ ಕ್ರೇಟುಗಳಲ್ಲಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಒಳಗಿನ ಶಾಖ ಹೊರಗಿಗಿಂತ 10ರಿಂದ 15 ಡಿಗ್ರಿ ಇಳಿಯುತ್ತದೆ, ತೇವಾಂಶ ಶೇ 90ರ ಹತ್ತಿರ ಇರುತ್ತದೆ. ಕೋಲಾರದ ಮಾರ್ಚ್-ಏಪ್ರಿಲ್‌ನ ಒಣಗಾಳಿಗೆ ಇದು ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಗಾಳಿಯೇ ಒದ್ದೆಯಿರುವುದರಿಂದ ನೀರು ಆವಿಯಾಗುವುದಿಲ್ಲ, ತಂಪೂ ಆಗುವುದಿಲ್ಲ. ಆಗ ಬಳಸಬೇಡಿ, ಬೂಷ್ಟು ಹಿಡಿಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಯಾವ ಕಾಲದಲ್ಲೂ ಅದರೊಳಗೆ ಬೇಡ.

ಇನ್ನೊಂದು. ಖಾಲಿ ಕ್ರೇಟುಗಳನ್ನು ವಾರಕ್ಕೆ ಎರಡು ಸಲವಾದರೂ ತೊಳೆಯಿರಿ: ಮೊದಲು ಬರೀ ನೀರಿನಲ್ಲಿ ಉಜ್ಜಿ, ಆಮೇಲೆ 10 ಲೀಟರಿಗೆ 5 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಕರಗಿಸಿದ ನೀರಿನಲ್ಲಿ ಹತ್ತು ನಿಮಿಷ, ಕೊನೆಗೆ ಬಿಸಿಲಿಗೆ. ಕೊಳೆ ಹಬ್ಬುವುದು ಬಹುಪಾಲು ಕ್ರೇಟಿನ ಮೂಲೆಗಳಿಂದ.

ಕೋಲಾರ_ಪೇಟೆ

ತುಂಬಾ ಉಪಕಾರವಾಯಿತು ಅಕ್ಕ. ಎರಡು ಅನುಮಾನ. ಹಿಂದಿನ ಕೋಣೆಯಲ್ಲಿ ಒಂದು ಕಡೆ ಬಾಳೆ, ಮಾವು ಹಣ್ಣು ಮಾಡ್ತೀವಿ, ರಾತ್ರಿ ಉಳಿದ ಸೊಪ್ಪೂ ಅಲ್ಲೇ. ಬೆಳಿಗ್ಗೆಗೆ ಕೊತ್ತಂಬರಿ ಹಳದಿ ತಿರುಗಿರುತ್ತೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ? ಹಳೇ ಫ್ರಿಜ್ ಒಂದು ಕೊಂಡರೆ ಸರಿಹೋಗುತ್ತಾ?

ಉತ್ತರ 4 · ತೋಟಗಾರಿಕೆ_ಓದಿದವಳು

ಸಂಬಂಧ ನೇರವಾಗಿದೆ. ಮಾಗುವ ಬಾಳೆ, ಮಾವು, ಪರಂಗಿ, ಟೊಮೆಟೊ ಎಥಿಲೀನ್ ಅನಿಲ ಬಿಡುತ್ತವೆ. ಅದೇ ಅನಿಲ ತಾಗಿದರೆ ಸೊಪ್ಪು, ಸೌತೆಕಾಯಿ, ಹಾಗಲಕಾಯಿ ಹಳದಿಯಾಗುತ್ತವೆ, ಎಲೆಕೋಸಿನ ಎಲೆ ಕಳಚುತ್ತದೆ. ಸೊಪ್ಪನ್ನು ಇವತ್ತೇ ಆ ಕೋಣೆಯಿಂದ ಹೊರಗೆ ತನ್ನಿ.

ಫ್ರಿಜ್ಜಿಗೆ ಎಲ್ಲವನ್ನೂ ತುಂಬಬೇಡಿ. ಬಾಳೆ 13 ಡಿಗ್ರಿಗಿಂತ ಕೆಳಗೆ ಹೋದರೆ ಸಿಪ್ಪೆ ಕಪ್ಪಾಗುತ್ತದೆ. ದೋರೆ ಟೊಮೆಟೊ 10 ಡಿಗ್ರಿಗಿಂತ ತಣ್ಣಗಾದರೆ ಆಮೇಲೆ ಸರಿಯಾಗಿ ಕೆಂಪಾಗುವುದಿಲ್ಲ, ರುಚಿಯೂ ಇರುವುದಿಲ್ಲ. ಸೌತೆ, ಬದನೆ, ಬೆಂಡೆ ಮೇಲೆ ಗುಳಿ ಬೀಳುತ್ತದೆ. ಕ್ಯಾರೆಟ್, ಬೀಟ್‌ರೂಟ್, ಹೂಕೋಸು, ದ್ರಾಕ್ಷಿ, ಹಿದುಕಿದ ಅವರೆಬೇಳೆ ಇಂಥವಕ್ಕೆ ಫ್ರಿಜ್ ಲಾಭ. ಹಿದುಕಿದ ಬೇಳೆಯನ್ನು ನೀರು ಪೂರ್ತಿ ಬಸಿದು ಇಡಿ. ನೀರಲ್ಲೇ ಬಿಟ್ಟರೆ ಹುಳಿಯಾಗುತ್ತದೆ.

ಉತ್ತರ 5 · ಶ್ರೀನಿವಾಸಪುರ_ಮಾವು

ಮಾವಿನ ವಿಷಯ ನಾನು ಹೇಳ್ತೀನಿ. ಒಂದೇ ರಾಶಿಯಲ್ಲಿ ಕೆಲವು ಕೊಳೆತು ಕೆಲವು ಕಾಯಾಗಿ ಉಳಿದರೆ ಹಣ್ಣು ಮಾಡಿದ ರೀತಿಗಿಂತ ಕೊಂಡ ರಾಶಿಯ ತಪ್ಪೇ ಹೆಚ್ಚು. ಬಲಿತದ್ದು, ಎಳೆಯದ್ದು ಬೆರೆತ ಲಾಟು ಅದು. ದರ ಚೆನ್ನಾಗಿದೆ ಅಂತ ಮರ ಅಲುಗಿಸಿ ಎಲ್ಲ ಒಟ್ಟಿಗೆ ಇಳಿಸಿದಾಗ ಹೀಗಾಗುತ್ತೆ.

ಬಲಿತ ಕಾಯಿ ಗುರುತು: ತೊಟ್ಟಿನ ಎರಡೂ ಕಡೆ ಭುಜ ತುಂಬಿ, ತೊಟ್ಟು ತಗ್ಗಿನಲ್ಲಿ ಕೂತ ಹಾಗೆ ಕಾಣಬೇಕು. ಎಳೆಯದರಲ್ಲಿ ಭುಜ ಇಳಿಜಾರು. ಅನುಮಾನ ಇದ್ದರೆ ಹತ್ತು ಕಾಯಿ ಬಕೆಟ್ ನೀರಿಗೆ ಹಾಕಿ. ಬಲಿತದ್ದು ಮುಳುಗುತ್ತೆ, ಎಳೆಯದು ತೇಲುತ್ತೆ. ಹತ್ತರಲ್ಲಿ ಮೂರು ತೇಲಿದರೆ ದರ ಇಳಿಸಿ ಕೇಳಿ, ಇಲ್ಲ ಬಿಡಿ. ತೇಲಿದ್ದನ್ನು ಉಪ್ಪಿನಕಾಯಿ, ಚಿತ್ರಾನ್ನಕ್ಕೆ ಕಾಯಾಗೇ ಮಾರಿ. ಒಂದು ಕಾಯಿ ಕೊಯ್ದೂ ನೋಡಿ, ಓಟೆ ಪಕ್ಕದ ತಿರುಳು ಹಳದಿಗೆ ತಿರುಗಿರಬೇಕು.

ಸೊನೆ ಇನ್ನೊಂದು ಶತ್ರು. ತೊಟ್ಟು ಒಂದು ಸೆಂಟಿಮೀಟರಾದರೂ ಉಳಿಸಿ ಕೊಯ್ದ ಕಾಯಿ ಕೊಳ್ಳಿ. ತೊಟ್ಟು ಕಿತ್ತ ಕಾಯಿಯಲ್ಲಿ ಸೊನೆ ಸುರಿದು ಸಿಪ್ಪೆ ಸುಡುತ್ತೆ, ಹಣ್ಣಾದಾಗ ಅಲ್ಲೇ ಕಪ್ಪು ಪಟ್ಟೆ. ಮಳೆ ಬಿದ್ದ ಮೇಲೆ ಬಂದ ಬಾದಾಮಿಗೆ ಚುಕ್ಕೆ ರೋಗ ಜಾಸ್ತಿ. ಅದಕ್ಕೆ 52 ಡಿಗ್ರಿ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ, ನೆರಳಲ್ಲಿ ಆರಿಸಿ ಇಟ್ಟರೆ ಕೊಳೆ ಬಹಳ ಕಡಿಮೆ. ಥರ್ಮಾಮೀಟರ್ ಇಲ್ಲದೆ ಕೈಯಂದಾಜಲ್ಲಿ ಮಾಡಬೇಡಿ, ನಾಲ್ಕೈದು ಡಿಗ್ರಿ ಹೆಚ್ಚಾದರೆ ಸಿಪ್ಪೆ ಬೇಯುತ್ತೆ.

ಹಣ್ಣು ಮಾಡೋದು: ಒಣ ಭತ್ತದ ಹುಲ್ಲು ನಾಲ್ಕು ಇಂಚು, ಅದರ ಮೇಲೆ ಕಾಯಿ ಒಂದೇ ಪದರ, ಮತ್ತೆ ಹುಲ್ಲು. ಮೂರು ಪದರ ಸಾಕು. ಬಾದಾಮಿ, ರಸಪುರಿ, ಮಲ್ಲಿಕಾ ಬೇರೆ ಬೇರೆ ಇಡಿ, ಒಂದೊಂದರ ವೇಗ ಬೇರೆ. ಬಾದಾಮಿ ಸುಮಾರು ಒಂದು ವಾರ ತಗೊಳ್ಳುತ್ತೆ. ಮೂರನೇ ದಿನದಿಂದ ದಿನಾ ಹುಲ್ಲು ಸರಿಸಿ ನೋಡಿ, ತೊಟ್ಟಿನ ಹತ್ತಿರ ಮೆತ್ತಗಾಗಿ ಕಪ್ಪಾದ ಹಣ್ಣು ಕಂಡರೆ ಆಗಲೇ ತೆಗೆಯಿರಿ. ಶೀಟು ಕೋಣೆ ಕಾದು ಒಲೆಯಂತಾದರೆ ಒಳಗೆ ಮೆತ್ತಗಾಗಿ ಹೊರಗೆ ಹಸಿರೇ ಉಳಿಯುತ್ತೆ, ಅದಕ್ಕೆ ರಾತ್ರಿ ಕಿಟಕಿ ತೆರೆದಿಡಿ.

ಬೇಗ ಹಣ್ಣು ಮಾಡೋಕೆ ಇಡುವ ಕಾರ್ಬೈಡ್ ಅನ್ನೋ ರಾಸಾಯನಿಕವನ್ನು ಹತ್ತಿರವೂ ಸೇರಿಸಬೇಡಿ. ಕಾನೂನಿನಲ್ಲಿ ನಿಷೇಧ ಇದೆ, ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಇರುತ್ತೆ, ಬಣ್ಣ ಬಂದರೂ ರುಚಿ ಬರಲ್ಲ. ಬೇಗ ಬೇಕೇ ಬೇಕು ಅಂದರೆ ಎಥಿಲೀನ್ ಅನಿಲಕ್ಕೆ 2016ರಿಂದ ಅನುಮತಿ ಇದೆ, 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ತನಕ. ಎಥಿಲೀನ್ ಬಿಡುವ ಪುಡಿಯ ಸಣ್ಣ ಪೊಟ್ಟಣ ಮುಚ್ಚಿದ ಪೆಟ್ಟಿಗೆಯಲ್ಲಿಡಬಹುದು, ಆದರೆ ಪುಡಿ ಹಣ್ಣಿಗೆ ತಾಗಬಾರದು. ಔಷಧಿ ನೀರಲ್ಲಿ ಕಾಯಿ ಅದ್ದಿ ತೆಗೆಯೋದು ತಪ್ಪು.

ಉತ್ತರ 6 · ತುಮಕೂರು_ಹಣ್ಣಂಗಡಿ

ಕಾಗದದ ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಂದು ಸಲ, ತೂಕದ ಬಟ್ಟುಗಳಿಗೆ ಎರಡು ವರ್ಷಕ್ಕೊಂದು ಸಲ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಆಗಬೇಕು. ಮುದ್ರೆಯ 1 ಕೆ.ಜಿ. ಬಟ್ಟು ಒಂದನ್ನು ಅಂಗಡಿಯಲ್ಲೇ ಇಟ್ಟುಕೊಂಡು ದಿನಾ ಬೋಣಿಗೆ ಮುಂಚೆ ತಕ್ಕಡಿ ಪರೀಕ್ಷೆ ಮಾಡಿ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಾಗಲಿ ನಿಮ್ಮ ಎಪಿಎಂಸಿಯಲ್ಲಾಗಲಿ, ಕೊಂಡ ಚೀಟಿ ಬಿಸಾಡಬೇಡಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೂ ತೆರಿಗೆ ನೋಟಿಸ್ ಬಂದದ್ದು ನೆನಪಿದೆಯಲ್ಲ. ತಾಜಾ ಹಣ್ಣು-ತರಕಾರಿಗೆ ಜಿಎಸ್‌ಟಿ ಇಲ್ಲ, ಅದನ್ನಷ್ಟೇ ಮಾರಿದರೆ ನೋಂದಣಿಯೂ ಬೇಡ. ಆದರೆ ಮಾರಿದ್ದು ತರಕಾರಿಯೇ ಅಂತ ತೋರಿಸೋದು ಆ ಚೀಟಿಗಳು. ಜೊತೆಗೆ ತಂಪು ಪಾನೀಯ, ಪ್ಯಾಕೆಟ್ ತಿಂಡಿ ಇಟ್ಟರೆ ಲೆಕ್ಕ ಬೇರೆಯಾಗುತ್ತೆ: ಆಗ 40 ಲಕ್ಷದ ಮಿತಿಗೆ ತರಕಾರಿ ವಹಿವಾಟೂ ಸೇರುತ್ತೆ. ಇಡುವ ಮುಂಚೆ ಲೆಕ್ಕಪರಿಶೋಧಕರನ್ನು ಕೇಳಿ.

ಕೋಲಾರ_ಪೇಟೆ

ಎಲ್ಲರಿಗೂ ಧನ್ಯವಾದ. ಕೊನೆಯದೊಂದು. ಅಪ್ಪ ಪ್ರತಿ ತೂಕಕ್ಕೂ ಕೊಸರು ಹಾಕ್ತಾರೆ, ವರ್ತನೆ ಮನೆಗಳಿಗೆ (ಕಾಯಂ ಗಿರಾಕಿಗಳಿಗೆ) ಇನ್ನೂ ಜಾಸ್ತಿ. ತಮ್ಮ ನಿಲ್ಲಿಸೋಣ ಅಂತಾನೆ. ಹಾಗೇ ಸಂಜೆ ಉಳಿದದ್ದನ್ನು ಹೇಗೆ ಮುಗಿಸೋದು?

ಉತ್ತರ 7 · ಚಿಂತಾಮಣಿ_ಮಂಡಿ

ಕೊಸರು ನಿಲ್ಲಿಸಬೇಡಿ ತಮ್ಮಾ. ಮೂರು ತಲೆಮಾರಿನಿಂದ ಬರುವ ಮನೆಗಳು ಅದನ್ನು ಮರ್ಯಾದೆ ಅಂತ ತಿಳಿಯುತ್ತವೆ. ಆದರೆ ಅಳತೆ ಇರಲಿ. ಕೆ.ಜಿ.ಗೆ 30 ಗ್ರಾಂ ಅಂದರೆ ನೂರಕ್ಕೆ ಮೂರು, ಅಷ್ಟನ್ನು ಮಾರುವ ದರದಲ್ಲೇ ಸೇರಿಸಿಕೊಳ್ಳಿ. ಹುರುಳಿಕಾಯಿ, ಕ್ಯಾರೆಟ್ ಥರ ದುಬಾರಿ ಮಾಲಿಗೆ ಕೊಸರಿನ ಬದಲು ಎರಡು ಎಸಳು ಕರಿಬೇವು, ನಾಲ್ಕು ಕಡ್ಡಿ ಕೊತ್ತಂಬರಿ ಹಾಕಿ. ಗಿರಾಕಿಗೆ ಅದೇ ಹೆಚ್ಚು ಇಷ್ಟ.

ಉಳಿದದ್ದನ್ನು ರಾತ್ರಿ ಎಂಟಕ್ಕೆ ಯೋಚಿಸಿದರೆ ತಡವಾಯಿತು. ಮಧ್ಯಾಹ್ನ ಮೂರಕ್ಕೇ ಒಂದು ಸುತ್ತು ಆರಿಸಿ. ಗಟ್ಟಿ ಮಾಲು ನಾಳೆಗೆ ಒಳಗೆ ಹೋಗಲಿ. ಇವತ್ತೇ ಮುಗಿಯಬೇಕಾದ್ದನ್ನು ತೂಗದೆ ಗುಡ್ಡೆ ಮಾಡಿ ಮುಂದೆ ಇಡಿ, ಸಣ್ಣದು ದೊಡ್ಡದು ಸೇರಿಸಿ ಗುಡ್ಡೆಗೆ 10, 20 ರೂ. ಕೊಳೆತದ್ದನ್ನು ಗುಡ್ಡೆಯ ಅಡಿಗೆ ಮಾತ್ರ ಸೇರಿಸಬೇಡಿ. ಮೆತ್ತಗಾದರೂ ಕೆಡದ ಟೊಮೆಟೊ ನಾಲ್ಕು ಗಂಟೆಯೊಳಗೆ ಹೋಟೆಲ್ಲಿಗೆ ಮುಟ್ಟಲಿ, ಅವರು ಸಂಜೆಯ ಸಾಂಬಾರಿಗೆ ರುಬ್ಬುವುದು ಆ ಹೊತ್ತಿಗೆ. ಏಲಕ್ಕಿ ಬಾಳೆ ಚಿಪ್ಪಿನಿಂದ ಉದುರತೊಡಗಿದರೆ ಬಿಡಿ ಹಣ್ಣಾಗಿ ಮಾರಿ, ಸೀಕರಣೆಗೆ ಕೇಳಿ ತಗೊಳ್ಳುವವರಿದ್ದಾರೆ. ಸಿಪ್ಪೆ, ಸೊಪ್ಪಿನ ಕಡ್ಡಿ, ಕೋಸಿನ ಎಲೆ ಹಸು ಸಾಕಿದವರಿಗೆ ಕೊಡಿ, ಆದರೆ ಬೂಷ್ಟು ಹಿಡಿದದ್ದು, ಹಸಿರಾದ ಆಲೂಗಡ್ಡೆ ಅದರಲ್ಲಿ ಇರಬಾರದು.